'ಹಾಲಿಡೇ' ಎಂಬ ಪದದ ಪೂರ್ವೋತ್ತರ

ಶಾಲೆಯ ಸೂಚನಾಫಲಕದ ಮೇಲೆ ಬರೆಯಲಾಗುವ ಇಂಗ್ಲಿಷ್ ಪದಗಳಲ್ಲಿ ವಿದ್ಯಾರ್ಥಿಗಳು ಅತ್ಯಂತ ಹರ್ಷದಿಂದ ಓದುವ ಪದ 'ಹಾಲಿಡೇ'. ಅದರ ಅರ್ಥವನ್ನು ನಿಘಂಟಿನಲ್ಲಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಅರ್ಥವು ಅನುಭವದಿಂದಲೇ ವೇದ್ಯವಾಗಿರುತ್ತದೆ. ಆದರೆ ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿರುವ ಈ ಪದದೊಳಗೆ ಒಂದು ದೇಶದ ಧರ್ಮ, ದುಡಿಮೆ, ಕಾನೂನು ಈ ಮೂರರ ಚರಿತ್ರೆಯೂ ಮಡಚಿಕೊಂಡು ಕುಳಿತಿದೆ. ಯಾರಿಗೆ ಬಿಡುವು ಸಲ್ಲಬೇಕು, ಅದನ್ನು ಕೊಡುವವರು ಯಾರು, ಆ ದಿನದ ಕೂಲಿ ಯಾರದು ಎಂಬ ಪ್ರಶ್ನೆಗಳು ಕಾಲಕಾಲಕ್ಕೆ ಈ ಪದವನ್ನು ಹಿಡಿದು ಜಗ್ಗಿವೆ. ಪದದ ರೂಪ ಹೆಚ್ಚೇನೂ ಬದಲಾಗದೆ ಉಳಿದು, ಅದರ ತಿರುಳು ಮಾತ್ರ ಪೂರ್ಣವಾಗಿ ಬದಲಾಗಿದೆ.

'ಹಾಲಿಡೇ' ಒಂದು ಸಮಸ್ತಪದ. ನಮ್ಮ ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಕರ್ಮಧಾರಯ: 'ಹೋಲಿ' ಎಂದರೆ ಪವಿತ್ರವಾದ, 'ಡೇ' ಎಂದರೆ ದಿನ. ಪ್ರಾಚೀನ ಇಂಗ್ಲಿಷಿನಲ್ಲಿ ಇದನ್ನು 'ಹಾಲಿಗ್‌ದ್ಯಾಗ್' ಎಂದು ಬರೆಯುತ್ತಿದ್ದರು. ಎರಡೂ ಅವಯವಗಳ ಕೊನೆಯ ಗಕಾರವು ಉಚ್ಚಾರಣೆಯಲ್ಲಿ ಯಕಾರಕ್ಕೆ ಸಮೀಪವಾಗಿತ್ತಾದ್ದರಿಂದ ಮುಂದೆ ಬರವಣಿಗೆಯಲ್ಲಿಯೂ ಅಲ್ಲಿ 'ವೈ' ಅಕ್ಷರ ಬಂದು ನಿಂತಿತು. 'ಹಾಲಿಗ್' ಎಂಬ ವಿಶೇಷಣದ ಬುಡದಲ್ಲಿರುವುದು 'ಹಾಲ್' ಎಂಬ ಇನ್ನೂ ಹಳೆಯ ಪದ. ಅದರ ಅರ್ಥ ಇಡಿಯಾದದ್ದು, ಊನವಿಲ್ಲದ್ದು, ಗಾಯಗೊಳ್ಳದ್ದು. ಇಂದಿನ ಇಂಗ್ಲಿಷಿನ 'ಹೋಲ್' (ಇಡೀ), 'ಹೀಲ್' (ಗಾಯ ಮಾಯು), 'ಹೆಲ್ತ್' (ಆರೋಗ್ಯ) ಇವೆಲ್ಲ ಅದೇ ಬೇರಿನ ಚಿಗುರುಗಳು. ಜರ್ಮನ್ ಭಾಷೆಯ 'ಹೈಲಿಗ್' ಕೂಡ ಇದೇ ವಂಶದ್ದು. ಯಾವುದು ಭಂಗಗೊಳ್ಳಬಾರದೋ ಅದೇ ಪವಿತ್ರವಾದದ್ದು ಎಂಬ ಭಾವನೆ ಈ ಪದಕುಟುಂಬದ ಹಿನ್ನೆಲೆಯಲ್ಲಿದೆ.

'ಹೋಲಿ' ಎನ್ನುವಾಗ ದೀರ್ಘವಾಗಿರುವ ಸ್ವರವು 'ಹಾಲಿಡೇ' ಎನ್ನುವಾಗ ಹ್ರಸ್ವವಾಗುವುದೇಕೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. (ಕನ್ನಡ ಲಿಪಿಯಲ್ಲಿ 'ಹಾ' ಎಂದು ಬರೆದರೂ ಇಂಗ್ಲಿಷರ ಬಾಯಲ್ಲಿ ಅದು ಗಿಡ್ಡ ಸ್ವರವೇ.) ಸಮಾಸದಲ್ಲಿ ಪೂರ್ವಪದದ ದೀರ್ಘಸ್ವರ ಕುಗ್ಗುವುದು ಇಂಗ್ಲಿಷಿನಲ್ಲಿ ಬಹು ಹಳೆಯ ಪ್ರವೃತ್ತಿ. 'ಕ್ರೈಸ್ಟ್' ಪದವು 'ಕ್ರಿಸ್‌ಮಸ್' ಆಗುವಾಗ, 'ವೈಸ್' ಪದವು 'ವಿಸ್‌ಡಮ್' ಆಗುವಾಗ, 'ಬ್ರೇಕ್' ಪದವು 'ಬ್ರೆಕ್‌ಫಾಸ್ಟ್' ಆಗುವಾಗ ನಡೆದದ್ದೂ ಇದೇ. ಇದು ಪರಭಾಷೆಯ ವಿಚಿತ್ರವೆಂದು ಭಾವಿಸಬೇಕಾಗಿಲ್ಲ. ಕನ್ನಡದ 'ಆರು' ಪದವು 'ಪತ್ತು' ಪದದೊಡನೆ ಸೇರಿ 'ಅರವತ್ತು' ಆಗುತ್ತದೆ. 'ಏಳು' ಸೇರಿ 'ಎಪ್ಪತ್ತು' ಆಗುತ್ತದೆ. 'ಮೂರು' ಪದಕ್ಕೆ 'ಮಡಿ' ಸೇರಿದರೆ 'ಮುಮ್ಮಡಿ'. ಎರಡು ಪದಗಳು ಕೂಡಿ ಬಾಳತೊಡಗಿದಾಗ ಮೊದಲನೆಯದು ತನ್ನ ಮೈಯನ್ನು ಒಂದಿಷ್ಟು ಕುಗ್ಗಿಸಿಕೊಳ್ಳುವುದು ಎರಡೂ ಭಾಷೆಗಳಿಗೆ ಒಪ್ಪಿದ ನಡವಳಿಕೆ.

ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಪ್ರಾಚೀನ ಇಂಗ್ಲಿಷಿನ ದೀರ್ಘ ಆಕಾರವು ಮುಂದಿನ ಕಾಲದಲ್ಲಿ ಓಕಾರವಾಯಿತು. 'ಸ್ತಾನ್' ಎಂಬುದು 'ಸ್ಟೋನ್' ಆಯಿತು, 'ಹಾಮ್' ಎಂಬುದು 'ಹೋಮ್' ಆಯಿತು, ಅಂತೆಯೇ 'ಹಾಲಿಗ್' ಎಂಬುದು 'ಹೋಲಿ' ಆಯಿತು. ಆದರೆ ಸಮಾಸದೊಳಗಿನ ಆಕಾರವು ಅದಕ್ಕೆ ಮೊದಲೇ ಹ್ರಸ್ವವಾಗಿಬಿಟ್ಟಿದ್ದರಿಂದ ಈ ಮಾರ್ಪಾಡಿಗೆ ಸಿಕ್ಕಲಿಲ್ಲ. ಹೀಗಾಗಿ 1200ರ ಸುಮಾರಿನಿಂದ 'ಹಲಿಡೇ' ಎಂಬ ರೂಪವು ಬಹುಕಾಲ ಬಳಕೆಯಲ್ಲಿತ್ತು. 'ಹ್ಯಾಲಿಡೇ' ಎಂಬ ಆಂಗ್ಲರ ಅಡ್ಡಹೆಸರು ಅದರ ಪಳೆಯುಳಿಕೆ. ಹಬ್ಬದ ದಿನ ಹುಟ್ಟಿದವನಿಗೆ ಇಟ್ಟ ಹೆಸರು ಅದು. 'ಹ್ಯಾಲಿಬಟ್' ಎಂಬ ದೊಡ್ಡ ಚಪ್ಪಟೆ ಮೀನಿನ ಹೆಸರಿನಲ್ಲಿಯೂ ಅದೇ 'ಹಲಿ' ಅಡಗಿದೆ. ಮಾಂಸ ವರ್ಜ್ಯವಾದ ಪುಣ್ಯದಿನಗಳಲ್ಲಿ ಅದನ್ನು ಉಣ್ಣುತ್ತಿದ್ದುದರಿಂದ ಆ ಹೆಸರು ಬಂದಿರಬೇಕೆಂದು ಪಂಡಿತರ ಅಭಿಪ್ರಾಯ. 16ನೆಯ ಶತಮಾನದ ಹೊತ್ತಿಗೆ 'ಹೋಲಿ' ಪದದ ನೆನಪು ಮರುಕಳಿಸಿ, ಬರಹಗಾರರು ಸಮಾಸದಲ್ಲಿಯೂ ಓಕಾರವನ್ನು ತಂದು ಕೂಡಿಸಿದರು. ಇಂದಿನ ರೂಪ ಹುಟ್ಟಿದ್ದು ಹೀಗೆ.

ಇನ್ನು ಅರ್ಥದ ಕಥೆ. ಇದು ಧ್ವನಿಯ ಕಥೆಗಿಂತ ಕಠಿಣವಾದದ್ದು.

ಮೂಲತಃ ಪುಣ್ಯದಿನವೆಂದರೆ ಚರ್ಚಿನ ಪಂಚಾಂಗದಲ್ಲಿ ಸಂತರಿಗೂ ಕ್ರಿಸ್ತಚರಿತ್ರೆಯ ಘಟನೆಗಳಿಗೂ ಮೀಸಲಾದ ದಿನ. ಆ ದಿನ ಪೂಜೆಗೆ ಅಡ್ಡಿಯಾಗುವ ದುಡಿಮೆ ನಿಷಿದ್ಧವಾಗಿತ್ತು. ಬಿಡುವು ಗುರಿಯಾಗಿರಲಿಲ್ಲ, ಪೂಜೆಯ ಉಪಫಲವಾಗಿತ್ತು. ಆದರೂ ಬಿಡುವಿನ ಹಂಚಿಕೆಯಲ್ಲಿ ಮೊದಲಿನಿಂದಲೂ ಭೇದವಿತ್ತು. 9ನೆಯ ಶತಮಾನದ ಕೊನೆಯ ಭಾಗದಲ್ಲಿ ಆಲ್‌ಫ್ರೆಡ್ ದೊರೆ ಹೊರಡಿಸಿದ ಶಾಸನಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ. ಕ್ರಿಸ್‌ಮಸ್ ಹಬ್ಬದ 12 ದಿನಗಳು, ಈಸ್ಟರ್ ಹಬ್ಬದ ಹಿಂದಿನ 7 ಮತ್ತು ಮುಂದಿನ 7 ದಿನಗಳು, ಸುಗ್ಗಿಯ ಕಾಲದಲ್ಲಿ ಮೇರಿಯಮ್ಮನ ಹಬ್ಬಕ್ಕೆ ಮುನ್ನ ಒಂದು ಪೂರ್ತಿ ವಾರ, ಮತ್ತೆ ಕೆಲವು ಬಿಡಿ ದಿನಗಳು—ಇಷ್ಟನ್ನೂ ಆ ಶಾಸನವು ಸ್ವತಂತ್ರ ಪ್ರಜೆಗಳೆಲ್ಲರಿಗೆ ಬಿಡುವಾಗಿ ಕೊಡುತ್ತದೆ. ಆದರೆ ಗುಲಾಮರಿಗೂ ಪರಾಧೀನ ಆಳುಗಳಿಗೂ ಇವು ಇಲ್ಲವೆಂದು ಅದೇ ವಾಕ್ಯದಲ್ಲಿ ಹೇಳುತ್ತದೆ. ಗುಲಾಮರ ಪಾಲಿಗೆ ವರ್ಷದಲ್ಲಿ ನಾಲ್ಕೇ ಬುಧವಾರಗಳು. ಆ ದಿನಗಳಲ್ಲಿ ಅವರು ತಮಗೆ ದಾನವಾಗಿ ಬಂದದ್ದನ್ನೋ ತಾವು ಬಿಡುವಿನಲ್ಲಿ ಗಳಿಸಿದ್ದನ್ನೋ ಮಾರಿಕೊಳ್ಳಬಹುದಾಗಿತ್ತು. ದಿನವೇನೋ ಎಲ್ಲರಿಗೂ ಪವಿತ್ರವೇ. ಬಿಡುವು ಮಾತ್ರ ಒಡೆಯನುಳ್ಳವನಿಗೆ ಇರಲಿಲ್ಲ.

ಮುಂದೆ ಸಂತರ ಸಂಖ್ಯೆ ಬೆಳೆದಂತೆ ದಿನಗಳ ಸಂಖ್ಯೆಯೂ ಬೆಳೆಯಿತು. ಮಧ್ಯಯುಗದ ಉತ್ತರಾರ್ಧದಲ್ಲಿ ರವಿವಾರಗಳನ್ನು ಬಿಟ್ಟು ವರ್ಷಕ್ಕೆ ಸುಮಾರು 40ರಿಂದ 50 ಪುಣ್ಯದಿನಗಳಿದ್ದವು. ಇದನ್ನು ಓದಿ ಅಂದಿನ ಕೂಲಿಕಾರನು ಭಾಗ್ಯವಂತನೆಂದು ನಿಟ್ಟುಸಿರಿಡುವವರುಂಟು. ಅವರು 1402ರ ಇಂಗ್ಲಿಷ್ ಶಾಸನವೊಂದನ್ನೂ ನೋಡಬೇಕು. ಕೂಲಿಯಾಳುಗಳನ್ನು ವಾರದ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳಬಾರದು, ಹಬ್ಬದ ದಿನಕ್ಕೆ ಕೂಲಿ ಕೊಡಕೂಡದು, ಹಬ್ಬದ ಮುನ್ನಾದಿನ ಮಧ್ಯಾಹ್ನಕ್ಕೆ ಕೆಲಸ ಬಿಟ್ಟವನಿಗೆ ಅರ್ಧ ಕೂಲಿ ಮಾತ್ರ—ಎಂದು ಅದು ವಿಧಿಸಿತು. ಅಂದರೆ ಪುಣ್ಯದಿನದ ಪುಣ್ಯವು ಕೂಲಿಕಾರನಿಗೆ ಉಪವಾಸದ ಬೆಲೆಗೆ ದೊರೆಯುತ್ತಿತ್ತು. 14ನೆಯ ಶತಮಾನದ ವೇಳೆಗೇ ಪದವು 'ಧಾರ್ಮಿಕ ಹಬ್ಬ' ಎಂಬ ಅರ್ಥದ ಜೊತೆಗೆ 'ಕೆಲಸವಿಲ್ಲದ ದಿನ' ಎಂಬ ಅರ್ಥವನ್ನೂ ಹೊತ್ತುಕೊಂಡಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಎರಡು ಅರ್ಥಗಳು ಬೇರೆಬೇರೆ ದಾರಿ ಹಿಡಿದದ್ದು 16ನೆಯ ಶತಮಾನದಲ್ಲಿ. 1536ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಂತೆ, ಸುಗ್ಗಿಯ ಕಾಲವಾದ ಜುಲೈ 1ರಿಂದ ಸೆಪ್ಟೆಂಬರ್ 29ರವರೆಗೆ ಬೀಳುವ ಪುಣ್ಯದಿನಗಳೂ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯಗಳು ನಡೆಯುವ ಅವಧಿಯ ಪುಣ್ಯದಿನಗಳೂ ಕೆಲವನ್ನುಳಿದು ರದ್ದಾದವು. ಊರೂರಿಗೆ ಬೇರೆಬೇರೆ ದಿನ ನಡೆಯುತ್ತಿದ್ದ ಗುಡಿಯ ಪ್ರತಿಷ್ಠೋತ್ಸವಗಳನ್ನೆಲ್ಲ ಅಕ್ಟೋಬರ್ ತಿಂಗಳ ಮೊದಲ ರವಿವಾರಕ್ಕೆ ಒಟ್ಟುಗೂಡಿಸಲಾಯಿತು. ಹಬ್ಬಗಳು ಹೆಚ್ಚಾಗಿ ಜನ ಸೋಮಾರಿಗಳಾಗುತ್ತಾರೆ, ಬೆಳೆ ಹೊಲದಲ್ಲಿಯೇ ಹಾಳಾಗುತ್ತದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಜನರು ಇದನ್ನು ಸುಮ್ಮನೆ ಸಹಿಸಲಿಲ್ಲ. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಉತ್ತರ ಇಂಗ್ಲೆಂಡಿನ ಕರ್ಕ್‌ಬಿ ಸ್ಟೀಫನ್ ಎಂಬ ಊರಿನಲ್ಲಿ ಪಾದ್ರಿಯು ಮುಂಬರುವ ಸಂತ ಲ್ಯೂಕನ ದಿನವನ್ನು ವಾಡಿಕೆಯಂತೆ ಸಾರಲಿಲ್ಲ. ನೆರೆದ ಭಕ್ತರು ಕೆರಳಿ ಎದ್ದರು. ಉತ್ತರದ ಪ್ರಾಂತಗಳನ್ನೆಲ್ಲ ನಡುಗಿಸಿದ 'ಅನುಗ್ರಹದ ಯಾತ್ರೆ' ಎಂಬ ಹೆಸರಿನ ಆ ವರ್ಷದ ದಂಗೆಗೆ ಮಠಗಳ ವಿಸರ್ಜನೆ ಮೊದಲಾದ ದೊಡ್ಡ ಕಾರಣಗಳಿದ್ದವು. ಆದರೆ ಆ ಊರಿನ ಜನರನ್ನು ಬೀದಿಗೆ ತಂದದ್ದು ಕೈತಪ್ಪಿದ ಒಂದು ಹಬ್ಬದ ದಿನ.

ಆ ಶತಮಾನದ ಅಂತ್ಯಕ್ಕೆ ಪದವು ಎಷ್ಟು ದೂರ ಬಂದಿತ್ತೆಂಬುದಕ್ಕೆ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದ ಮೊದಲ ದೃಶ್ಯವೇ ಸಾಕ್ಷಿ. ಬಡಗಿ, ಚಮ್ಮಾರ ಮೊದಲಾದ ಕಸುಬುದಾರರು ಕೆಲಸದ ಉಡುಪನ್ನು ತೊರೆದು ಬೀದಿಗಿಳಿದಾಗ, ಇಂದೇನು ಹಾಲಿಡೇಯೋ ಎಂಬ ಅರ್ಥದಲ್ಲಿ ಅಧಿಕಾರಿಯೊಬ್ಬ ಅವರನ್ನು ಗದರಿಸುತ್ತಾನೆ. ಅಲ್ಲಿ ಪದದ ಭಾರವೆಲ್ಲ ಕೆಲಸ ಬಿಟ್ಟದ್ದರ ಮೇಲೆಯೇ. ಇತ್ತ 1611ರ ಬೈಬಲ್ ಭಾಷಾಂತರದಲ್ಲಿ ಅದೇ ಪದವು ಧಾರ್ಮಿಕ ಪರ್ವದ ಅರ್ಥದಲ್ಲಿ, ನಡುವೆ 'ವೈ' ಅಕ್ಷರವನ್ನಿಟ್ಟುಕೊಂಡು ಒಂದೇ ಪದವಾಗಿ ಬರುತ್ತದೆ. ಕಾಲಕ್ರಮದಲ್ಲಿ ಬರವಣಿಗೆಯೂ ಇಬ್ಭಾಗವಾಯಿತು. ಬಿಡುವಿಗೆ ಒಂದು ಪದ. ಪರ್ವಕ್ಕೆ ಬಿಡಿಯಾದ ಎರಡು ಪದಗಳು, 'ಹೋಲಿ ಡೇ' ಎಂದು ಎರಡರ ಮೇಲೂ ಒತ್ತು. ಇಂಗ್ಲಿಷ್ ಬೋಧಿಸುವ ಶಿಕ್ಷಕರು ಸಮಸ್ತಪದದ ಲಕ್ಷಣವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಕರ್ರಗಿನ ಯಾವುದೋ ಹಲಗೆಗೂ ತರಗತಿಯ 'ಬ್ಲ್ಯಾಕ್‌ಬೋರ್ಡ್' ಎಂಬುದಕ್ಕೂ ಇರುವ ವ್ಯತ್ಯಾಸ ಇಂಥದೇ. ಸಮಾಸವಾದಾಗ ಒತ್ತು ಮೊದಲ ಪದಕ್ಕೆ ಸರಿಯುತ್ತದೆ, ಅರ್ಥ ಬಿಡಿಪದಗಳ ಹಿಡಿತದಿಂದ ಜಾರುತ್ತದೆ. ಹಸಿರು ಬಣ್ಣದ ಫಲಕವನ್ನೂ 'ಬ್ಲ್ಯಾಕ್‌ಬೋರ್ಡ್' ಎನ್ನುವವರಿದ್ದಾರೆ.

ಬಿಡುವನ್ನು ಪಾವಿತ್ರ್ಯದಿಂದ ಪೂರ್ಣವಾಗಿ ಬೇರ್ಪಡಿಸಿದ ಮೊದಲ ಕಾನೂನು ಬಂದದ್ದು ಬಹು ಧರ್ಮನಿಷ್ಠರಾದ ಪ್ಯೂರಿಟನ್ನರಿಂದ ಎಂಬುದು ಚರಿತ್ರೆಯ ಒಂದು ಚಮತ್ಕಾರ. ಕ್ರಿಸ್‌ಮಸ್, ಈಸ್ಟರ್ ಮೊದಲಾದ ಹಬ್ಬಗಳಿಗೆ ಧರ್ಮಗ್ರಂಥದ ಆಧಾರವಿಲ್ಲವೆಂದು ಅವರ ಪ್ರಾಬಲ್ಯದ ಪಾರ್ಲಿಮೆಂಟು 1647ರಲ್ಲಿ ಅವುಗಳನ್ನು ರದ್ದುಪಡಿಸಿತು. ಹಬ್ಬಗಳು ಹೋದರೆ ವಿದ್ಯಾರ್ಥಿಗಳಿಗೂ ಕಸುಬು ಕಲಿಯುವ ಹುಡುಗರಿಗೂ ಮನೆಯಾಳುಗಳಿಗೂ ಉಸಿರಾಡಲು ವೇಳೆಯೇ ಇಲ್ಲವಾಗುತ್ತದೆಂದು ಮನಗಂಡು, ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ಅವರ ವಿನೋದಕ್ಕಾಗಿ ಬಿಟ್ಟುಕೊಟ್ಟಿತು. ಯಾವ ಸಂತನ ಹೆಸರೂ ಇಲ್ಲದ ಬರಿಯ ಮಂಗಳವಾರ! 1660ರಲ್ಲಿ ಅರಸೊತ್ತಿಗೆ ಮರಳಿದಾಗ ಹಳೆಯ ಹಬ್ಬಗಳು ಮರಳಿದವು, ಮಂಗಳವಾರಗಳು ಮರೆಯಾದವು. ಕಾನೂನು ಕೊಡದ ಬಿಡುವನ್ನು ಕಸುಬುದಾರರು ತಾವೇ ಮಾಡಿಕೊಂಡರು. ಶನಿವಾರದ ಕೂಲಿಯನ್ನು ರವಿವಾರ ಖರ್ಚುಮಾಡಿ ಸೋಮವಾರವೂ ಮಗ್ಗದ ಬಳಿ ಸುಳಿಯದೆ ಇರುವುದಕ್ಕೆ 'ಸಂತ ಸೋಮವಾರದ ಆಚರಣೆ' ಎಂದು ಅವರೇ ಹಾಸ್ಯದ ಹೆಸರಿಟ್ಟುಕೊಂಡಿದ್ದರು.

ಯಂತ್ರಗಳ ಯುಗ ಈ ಹಾಸ್ಯಕ್ಕೆ ಎಡೆಗೊಡಲಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 19ನೆಯ ಶತಮಾನದ ಆರಂಭದಲ್ಲಿ ಸಂತರ ದಿನಗಳೆಂದು ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ದಿನ ಬಾಗಿಲು ಮುಚ್ಚುತ್ತಿತ್ತು. 1834ರಲ್ಲಿ ಅವು ನಾಲ್ಕಕ್ಕೆ ಇಳಿದವು. 1833ರ ಕಾರ್ಖಾನೆ ಕಾಯಿದೆಯು ಗಿರಣಿಗಳ ಬಾಲಕಾರ್ಮಿಕರಿಗೆ ಕೊಟ್ಟದ್ದು ಕ್ರಿಸ್‌ಮಸ್ ಮತ್ತು ಗುಡ್ ಫ್ರೈಡೇ ಎಂಬ ಎರಡು ಪೂರ್ತಿ ದಿನಗಳು, ಮತ್ತೆ ಎಂಟು ಅರ್ಧ ದಿನಗಳು. ಆಲ್‌ಫ್ರೆಡ್ ದೊರೆಯ ಕಾಲದ ಸ್ವತಂತ್ರ ಪ್ರಜೆಗೆ ಇದ್ದುದರೊಡನೆ ಇದನ್ನು ಹೋಲಿಸಿ ನೋಡಿದರೆ, ಸಾವಿರ ವರ್ಷಗಳ ಪ್ರಗತಿಯೆಂಬುದರ ಬಗ್ಗೆ ಸಂಶಯ ಮೂಡಿದರೆ ತಪ್ಪಲ್ಲ.

ಬಿಡುವು ಕಾನೂನಿನ ಮೂಲಕ ಮರಳಿ ಬಂದುದರ ಶ್ರೇಯಸ್ಸಿನಲ್ಲಿ ಒಂದು ದೊಡ್ಡ ಪಾಲು ಸರ್ ಜಾನ್ ಲಬಕ್ ಅವರದು. ಇವರು ಬ್ಯಾಂಕಿನ ಒಡೆಯರು, ಪಾರ್ಲಿಮೆಂಟಿನ ಸದಸ್ಯರು. ಚಾರ್ಲ್ಸ್ ಡಾರ್ವಿನ್ನರ ನೆರೆಯವರೂ ಆಪ್ತರೂ ಆಗಿ ಇರುವೆ ಮತ್ತು ಜೇನುಹುಳುಗಳ ಜೀವನವನ್ನು ಅಭ್ಯಸಿಸಿದವರು. ಶಿಲಾಯುಗವನ್ನು ಹಳೆಯದು, ಹೊಸದು ಎಂದು ಎರಡಾಗಿ ವಿಂಗಡಿಸಿ ಅವುಗಳಿಗೆ ಇಂದಿಗೂ ಬಳಕೆಯಲ್ಲಿರುವ ಇಂಗ್ಲಿಷ್ ಹೆಸರುಗಳನ್ನಿಟ್ಟವರೂ 1865ರ ತಮ್ಮ ಗ್ರಂಥದಲ್ಲಿ ಇವರೇ. ಇವರ ಪ್ರಯತ್ನದಿಂದ 1871ರಲ್ಲಿ 'ಬ್ಯಾಂಕ್ ಹಾಲಿಡೇ' ಕಾಯಿದೆ ಅಂಗೀಕೃತವಾಯಿತು. ಇಂಗ್ಲೆಂಡಿಗೆ ನಾಲ್ಕು ದಿನಗಳು ದೊರೆತವು: ಈಸ್ಟರ್ ಸೋಮವಾರ, ವಿಟ್ ಸೋಮವಾರ, ಆಗಸ್ಟ್ ತಿಂಗಳ ಮೊದಲ ಸೋಮವಾರ, ಮತ್ತು ಡಿಸೆಂಬರ್ 26. ಕಾಯಿದೆಯ ಮಾತುಗಳು ಒಣ ವ್ಯವಹಾರದವು. ಆ ದಿನ ಪಾವತಿಯಾಗಬೇಕಾದ ಹುಂಡಿಯನ್ನು ಮರುದಿನ ಪಾವತಿಮಾಡಿದರೆ ಸಾಕು ಎಂಬುದೇ ಅದರ ತಿರುಳು. ಆದರೆ ಬ್ಯಾಂಕು ಮುಚ್ಚಿದರೆ ಅಂಗಡಿ ಮುಚ್ಚಿತು, ಅಂಗಡಿ ಮುಚ್ಚಿದರೆ ಕಚೇರಿ ಮುಚ್ಚಿತು. ರೈಲುಗಳು ಸಮುದ್ರತೀರದತ್ತ ಜನರನ್ನು ತುಂಬಿಕೊಂಡು ಓಡಿದವು. ನಾಲ್ಕರಲ್ಲಿ ಆಗಸ್ಟ್ ತಿಂಗಳ ದಿನಕ್ಕೆ ಯಾವ ಪರ್ವದ ಸೋಂಕೂ ಇರಲಿಲ್ಲ. ಜನರು ಅದಕ್ಕೆ 'ಸಂತ ಲಬಕ್ಕನ ದಿನ' ಎಂದು ನಗುತ್ತ ಹೆಸರಿಟ್ಟರು. ಪುಣ್ಯದಿನಕ್ಕೆ ಒಬ್ಬ ಸಂತನಾದರೂ ಬೇಕಲ್ಲವೆ? ಮುಂದೆ 1971ರ ಕಾಯಿದೆಯು ಆ ದಿನವನ್ನು ಆಗಸ್ಟ್ ತಿಂಗಳ ಕೊನೆಗೆ ಒಯ್ದಿತು, ಚರ್ಚಿನ ಪಂಚಾಂಗದಂತೆ ಚಲಿಸುತ್ತಿದ್ದ ವಿಟ್ ಸೋಮವಾರವನ್ನು ಮೇ ತಿಂಗಳ ಕೊನೆಯ ಸೋಮವಾರಕ್ಕೆ ಕಟ್ಟಿಹಾಕಿತು.

ಆದರೂ 1402ರ ಶಾಸನದ ಮುಳ್ಳು ಕೂಲಿಕಾರನ ಕಾಲಿನಲ್ಲಿ ಉಳಿದೇ ಇತ್ತು. ಕೆಲಸವಿಲ್ಲದ ದಿನಕ್ಕೆ ಕೂಲಿಯೂ ಇಲ್ಲ. ವೇತನಸಹಿತವಾದ ಬಿಡುವಿನ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದು 1938ರಲ್ಲಿ. ಅದೂ ವರ್ಷಕ್ಕೆ ಒಂದು ವಾರದ ಮಟ್ಟಿಗೆ.

ಭಾರತಕ್ಕೆ ಈ ಪದ ಬಂದದ್ದು ಕಚೇರಿಯ ಕಾಗದದ ಜೊತೆಗೆ. 1881ರ ವರ್ಗಾವಣೀಯ ಸಂಲೇಖಗಳ ಕಾಯಿದೆಯ 25ನೆಯ ಕಲಮು 'ಪಬ್ಲಿಕ್ ಹಾಲಿಡೇ' ಎಂದರೇನೆಂದು ವಿವರಿಸಿತು. ಇಲ್ಲಿ ಒಂದು ಸ್ವಾರಸ್ಯವಿದೆ. ಲಬಕ್ಕರ ಕಾಯಿದೆಯಂತೆ ಸಾಲಗಾರನಿಗೆ ಒಂದು ದಿನ ಹೆಚ್ಚಿಗೆ ಸಿಗುತ್ತಿತ್ತು. ಭಾರತದ ಕಾಯಿದೆಯಂತೆ ರಜೆಯ ದಿನ ಬಾಕಿಯಾಗುವ ಹುಂಡಿಯು ಅದರ ಹಿಂದಿನ ಕೆಲಸದ ದಿನವೇ ಸಲ್ಲತಕ್ಕದ್ದು. ಅದೇ ವರ್ಷದ ಕಾರ್ಖಾನೆ ಕಾಯಿದೆಯು ಬಾಲಕಾರ್ಮಿಕರಿಗೆ ಮಾತ್ರ ತಿಂಗಳಿಗೆ ನಾಲ್ಕು ದಿನದ ಬಿಡುವನ್ನು ಕೊಟ್ಟಿತು, ವಯಸ್ಕರಿಗೆ ಏನೂ ಇರಲಿಲ್ಲ. ಮುಂಬಯಿಯ ಗಿರಣಿ ಕೆಲಸಗಾರರಿಗೆ ವಾರಕ್ಕೊಂದು ದಿನ ಬಿಡುವು ಬೇಕೆಂದು ಹೋರಾಡಿದವರು ಮಹಾತ್ಮ ಜ್ಯೋತಿಬಾ ಫುಲೆಯವರ ಸಹವರ್ತಿಗಳಾದ ನಾರಾಯಣ ಮೇಘಾಜಿ ಲೋಖಂಡೆ. ರವಿವಾರವು ಖಂಡೋಬನ ವಾರ, ಆದುದರಿಂದ ಅಂದೇ ಬಿಡುವಾಗಬೇಕು ಎಂಬ ವಾದವೂ ಅವರ ಹೋರಾಟದ ಚರಿತ್ರೆಯಲ್ಲಿ ಬರುತ್ತದೆ. ಆ ಖಂಡೋಬನೇ ಕನ್ನಡ ನಾಡಿನ ಮೈಲಾರಲಿಂಗ. ಕ್ರೈಸ್ತರ ಸಬ್ಬತ್ ದಿನವನ್ನು ಮರಾಠಿ ಕೂಲಿಕಾರರು ತಮ್ಮ ಕುಲದೇವರ ಹೆಸರಿನಲ್ಲಿ ಕೇಳಿ ಪಡೆದರು. ಹಾಲಿಡೇ ಪದದ ಕಳಚಿಹೋದ ಪೂರ್ವಾರ್ಧವು ಅಲ್ಲಿ ಬೇರೊಂದು ದೇವರ ಮೂಲಕ ಮತ್ತೆ ಕೂಡಿಕೊಂಡಿತೆನ್ನಬಹುದು. 1890ರಲ್ಲಿ ಗಿರಣಿ ಮಾಲೀಕರು ಒಪ್ಪಿದರು. 1891ರ ಕಾಯಿದೆಯು ವಾರದ ಬಿಡುವನ್ನು ಎಲ್ಲ ಗಿರಣಿ ಕಾರ್ಮಿಕರಿಗೂ ವಿಸ್ತರಿಸಿತು.

ಇದಕ್ಕೆ ಎಷ್ಟೋ ಮೊದಲೇ ಬಿಡುವಿನ ಕಟ್ಟಳೆಗಳು ಈ ನಾಡಿನಲ್ಲಿ ಇದ್ದವು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ಅನೇಕ ಹಳ್ಳಿಗಳ ಒಕ್ಕಲು ಮನೆತನಗಳಲ್ಲಿ ನಡೆದುಬಂದಿದೆ. ಸಂಸ್ಕೃತ ಪಾಠಶಾಲೆಗಳಲ್ಲಿ ಅಷ್ಟಮಿ, ಪಾಡ್ಯ, ಅಮಾವಾಸ್ಯೆ, ಹುಣ್ಣಿಮೆಗಳು 'ಅನಧ್ಯಾಯ' ದಿನಗಳು. ಆ ಪದದಲ್ಲಿ ಪಾವಿತ್ರ್ಯವೂ ಇಲ್ಲ, ವಿಶ್ರಾಂತಿಯೂ ಇಲ್ಲ. ಓದಬಾರದು ಎಂದಷ್ಟೇ ಇದೆ. ಹುಡುಗರಿಗೆ ಅಷ್ಟೇ ಸಾಕಾಗಿತ್ತು.

ಕನ್ನಡವು ಇಂಗ್ಲಿಷಿನಂತೆ ಪರ್ವವನ್ನೂ ಬಿಡುವನ್ನೂ ಒಂದೇ ಪದದಲ್ಲಿ ಬೆಸೆಯಲಿಲ್ಲ. 'ಹಬ್ಬ' ಎಂಬುದು ಸಂಸ್ಕೃತದ 'ಪರ್ವ' ಪದದ ತದ್ಭವ; ಪರ್ವವೆಂದರೆ ಬಿದಿರಿನ ಅಥವಾ ಕಬ್ಬಿನ ಗೆಣ್ಣು, ಕಾಲದ ಕೋಲಿನಲ್ಲಿ ಒಂದು ಸಂಧಿ. ಅಂದು ಕೆಲಸ ನಿಲ್ಲುತ್ತದೆಂಬ ಸೂಚನೆ ಆ ಪದದಲ್ಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಹಬ್ಬದ ದಿನವೇ ಕೆಲಸ ಇಮ್ಮಡಿಯೆಂದು ಹೇಳಿಯಾರು. ಕೆಲಸ ನಿಲ್ಲುವುದಕ್ಕೆ ಅಚ್ಚಕನ್ನಡದಲ್ಲಿ 'ಬಿಡುವು' ಇದೆ. ಧಾರವಾಡ, ವಿಜಯಪುರ, ಬೆಳಗಾವಿಗಳ ಕಡೆ ಶಾಲೆಯ ಹುಡುಗರು ಹೇಳುವ 'ಸೂಟಿ' ಮರಾಠಿಯಿಂದ ಬಂದದ್ದು, ಬಿಡುಗಡೆ ಎಂಬ ಅರ್ಥದ ಪದ. ಕಚೇರಿಗಳು ಕೈಕೊಂಡ 'ರಜೆ' ಅರಬ್ಬಿ ಮೂಲದ್ದು. ಪಾರಸಿ, ಉರ್ದುಗಳ ಮೂಲಕ ಬಂದ ಅದರ ಅರ್ಥ ಸಮ್ಮತಿ, ಅಪ್ಪಣೆ. ಇಂಗ್ಲಿಷಿನ 'ಲೀವ್' ಪದದ ಮೂಲಾರ್ಥವೂ ಅಪ್ಪಣೆಯೇ. 'ವೆಕೇಷನ್' ಎಂಬುದರ ಬೇರಿನಲ್ಲಿರುವುದು ಲ್ಯಾಟಿನ್ನಿನ 'ಬರಿದಾಗಿರು' ಎಂಬ ಧಾತು. ಹಬ್ಬದಿಂದ ವ್ಯಾಪಾರಕ್ಕೆ ತಿರುಗಿದ ಪದವೂ ಒಂದಿದೆ: ಲ್ಯಾಟಿನ್ನಿನಲ್ಲಿ ಪರ್ವದಿನಗಳನ್ನು ಹೇಳುವ 'ಫೇರಿಯಾ' ಪದದಿಂದ ಇಂಗ್ಲಿಷಿಗೆ ಜಾತ್ರೆ, ಸಂತೆ ಎಂಬ ಅರ್ಥದ 'ಫೇರ್' ಬಂದರೆ, ಜರ್ಮನರಿಗೆ ಶಾಲೆಯ ರಜೆ ಎಂಬ ಅರ್ಥದ 'ಫೇರಿಯೆನ್' ಬಂದಿತು. ಪೋರ್ಚುಗೀಸರಂತೂ ಸೋಮವಾರದಿಂದ ಶುಕ್ರವಾರದವರೆಗಿನ ದುಡಿಮೆಯ ದಿನಗಳಿಗೇ ಅದನ್ನು ಅಂಟಿಸಿದ್ದಾರೆ.

ಕರ್ನಾಟಕ ಸರ್ಕಾರವು ವರ್ಷವರ್ಷವೂ ಹೊರಡಿಸುವ ಅಧಿಸೂಚನೆಯಲ್ಲಿ 'ಪಬ್ಲಿಕ್ ಹಾಲಿಡೇ' ಎಂಬುದು 'ಸಾರ್ವತ್ರಿಕ ರಜೆ' ಆಗಿದೆ. ಪವಿತ್ರವೆಂಬ ಪೂರ್ವಪದದ ಸ್ಥಾನದಲ್ಲಿ ಈಗ ಅಪ್ಪಣೆ ಬಂದು ಕುಳಿತಿದೆ. ಪಟ್ಟಿಯ ತುಂಬ ಹಬ್ಬಗಳು, ಜಯಂತಿಗಳು ಇವೆ. ಆದರೆ ಅವುಗಳಲ್ಲಿ ಯಾವುದಾದರೂ ರವಿವಾರ ಬಿದ್ದರೆ ಅದನ್ನು ಪಟ್ಟಿಯಲ್ಲಿ ಸೇರಿಸಿಲ್ಲವೆಂದು ಅಧಿಸೂಚನೆಯ ಅಡಿಯಲ್ಲಿ ಒಂದು ಟಿಪ್ಪಣಿ ಇರುತ್ತದೆ. ಪಂಚಾಂಗದಲ್ಲಿ ಆ ದಿನದ ಹಬ್ಬ ಎಂದಿನಂತೆ ಅಚ್ಚಾಗಿರುತ್ತದೆ.